ಹರಳೆಲೆ ಕಟ್ಟಿದ ಜಾಗ

ಪುಟ್ಟಿ, ಚಿನ್ನು,

ಶಾಲೆಯ ಹಾಜರಿಯಲ್ಲಿರುವ ನಿಮ್ಮ ಹೆಸರು ಬೇರೆ. ನಾನು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ. ಬೈಂದೂರಿನ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಕಾಗದ ಬರೆಯಲು ಬರುತ್ತದೆ. ಎದುರು ಕೂತು ಮಾತಾಡಲು ನನಗೆ ಮೊದಲಿಂದಲೂ ಆಗುವುದಿಲ್ಲ. ಅದಕ್ಕೇ ಇದು.

ಕಳೆದ ದಸರಾ ರಜೆಯಲ್ಲಿ ನಾನು ಬ್ರಹ್ಮಾವರಕ್ಕೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆಗ ಪುಟ್ಟಿ, ನೀನು ಚಾವಡಿಯ ನೆಲದಲ್ಲಿ ದೊಡ್ಡ ಹಾಳೆ ಹರಡಿ ಮನುಷ್ಯನ ಒಳಗಿನ ಭಾಗಗಳನ್ನು ಬಿಡಿಸುತ್ತಿದ್ದೆ. ಚಿನ್ನು ಬಣ್ಣ ತುಂಬುತ್ತಿದ್ದ. ನಿನ್ನ ಪಾಠ ಇಂಗ್ಲಿಷಿನಲ್ಲಿ. ಇವಕ್ಕೆಲ್ಲ ಕನ್ನಡದಲ್ಲಿ ಏನು ಹೇಳುತ್ತಾರೆಂದು ನೀನು ಕೇಳಿದೆ. ಶ್ವಾಸಕೋಶ, ಜಠರ, ಯಕೃತ್ತು, ಮೂತ್ರಪಿಂಡ ಎಂದು ನಾನು ಒಂದೊಂದಾಗಿ ಹೇಳುತ್ತ ಹೋದೆ. ಲಿಂಫ್ ನೋಡ್‌ಗೆ ದುಗ್ಧಗ್ರಂಥಿ ಎಂದಾಗ ನೀನು ಪೆನ್ಸಿಲು ಕೆಳಗಿಟ್ಟು ನನ್ನನ್ನೇ ನೋಡಿದೆ. ಅಡಿಗೆಮನೆಯಿಂದ ನಿಮ್ಮ ಅಮ್ಮ ನಗುತ್ತ, ತಾನು ಎಸ್ಸೆಸ್ಸೆಲ್ಸಿಗೆ ಓದುವಾಗ ಕೇಳಿ ಕೇಳಿ ಅಮ್ಮನಿಗೆ ಬಾಯಿಪಾಠ ಆಗಿದೆ ಎಂದಳು. ಆಮೇಲೆ ಅದೇ ವರ್ಷ ತನ್ನ ಅಜ್ಜಿ ಎದೆಯ ಕ್ಯಾನ್ಸರಾಗಿ ಹೋದದ್ದನ್ನು ನಿಮಗೆ ಹೇಳಿದಳು. ಅಜ್ಜಿ ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡಳು, ಗೊತ್ತಾಗಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದಳು.

ನಾನು ಹಾಳೆಯ ಮೂಲೆ ಒತ್ತಿ ಹಿಡಿದುಕೊಂಡು ಕೂತಿದ್ದೆ. ನಿಮ್ಮ ಅಮ್ಮ ಈ ಕತೆಯನ್ನು ಹದಿನೆಂಟು ವರ್ಷದಿಂದ ಹೀಗೇ ಹೇಳುತ್ತಿದ್ದಾಳೆ. ಅದು ಹಾಗಲ್ಲ. ಮನೆಯಲ್ಲಿ ಒಬ್ಬರಿಗೆ ಗೊತ್ತಿತ್ತು.

ನಿಮ್ಮ ಅಮ್ಮನ ಆ ಅಜ್ಜಿ, ಎಂದರೆ ನನ್ನ ಅತ್ತೆ, ಹೆಮ್ಮಾಡಿಯ ಸುತ್ತಮುತ್ತ ಬಾಳಂತಿಯರನ್ನೂ ಮಕ್ಕಳನ್ನೂ ಮೀಯಿಸುತ್ತಿದ್ದವರು. ಯಾವ ಮನೆಯಲ್ಲಿ ಹೆರಿಗೆಯಾದರೂ ಬೆಳಿಗ್ಗೆ ಗಂಜಿ ಉಂಡು ಅಲ್ಲಿಗೆ ಹೋಗುವರು. ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಒಂದೊಂದು ಭಾಗದ ಹೆಸರನ್ನೂ ಮಗುವಿಗೆ ಹೇಳುವುದು ಅವರ ಅಭ್ಯಾಸ. ನೆತ್ತಿ, ಹಣೆ, ಗದ್ದ, ಕೊರಳು, ಹೆಗಲು, ರಟ್ಟೆ, ಅಂಗೈ, ಪಕ್ಕೆ, ಹೊಕ್ಕುಳು, ತೊಡೆ, ಮೊಣಕಾಲು, ಹಿಮ್ಮಡಿ. ಮಗುವಿನ ಮೈಯಲ್ಲಿ ಅವರು ಹೆಸರಿಡದ ಜಾಗವಿರಲಿಲ್ಲ. ಬಾಳಂತಿಯನ್ನು ಮೀಯಿಸುವಾಗ ಮಾತ್ರ ಅವರ ಬಾಯಿ ಹೆಗಲಿಗೆ ನಿಂತು ಮತ್ತೆ ಮೊಣಕಾಲಿಗೆ ತೆರೆಯುತ್ತಿತ್ತು. ನಡುವಿನದೆಲ್ಲ ಕೈಯ ಕೆಲಸ. ಹಾಲು ಕಟ್ಟಿ ಕಲ್ಲಿನಂತಾದಾಗ ಹರಳು ಗಿಡದ ಎಲೆಯನ್ನು ಕೆಂಡದಲ್ಲಿ ಬಾಡಿಸಿ, ಬೆಚ್ಚಗಿರುವಾಗಲೇ ಇಟ್ಟು ಬಟ್ಟೆ ಕಟ್ಟುತ್ತಿದ್ದರು. ಮೂರು ದಿನದಲ್ಲಿ ಗಂಟು ಕರಗುತ್ತಿತ್ತು. ನನಗೂ ಹಾಗೆ ಮಾಡಿದ್ದರು.

ಒಂದು ಮಾತು ಇಲ್ಲಿ ಬರೆಯಬೇಕು, ಬರೆಯಲು ಕೈ ಹಿಂಜರಿಯುತ್ತದೆ. ಮಗು ಅತ್ತರೆ 'ಮೊಲೆ ಕೊಡು' ಎಂದು ಅಂಗಳದ ಆಚೆಯಿಂದ ಗಂಡಸರಿದ್ದಾಗಲೂ ಕೂಗಿ ಹೇಳುವರು. ಅದರಲ್ಲಿ ನಾಚಿಕೆಯಿರಲಿಲ್ಲ. ಮಗು ಹಾಲು ಬಿಟ್ಟ ದಿನದಿಂದ ಆ ಮಾತು ಆ ಹೆಂಗಸಿನ ಪಾಲಿಗೆ ಇಲ್ಲವಾಗುತ್ತಿತ್ತು. ಆಮೇಲೆ ಅಲ್ಲಿ ನೋವಾದರೆ ಎದೆ ನೋವು, ಬೆನ್ನು ನೋವು, ಪಕ್ಕೆ ಹಿಡಿತ ಎಂದು ಸುತ್ತು ಬಳಸಿ ಹೇಳಬೇಕು. ನಾನೂ ಹಾಗೇ ಬೆಳೆದವಳು.

ನಿಮ್ಮ ಅಮ್ಮ ಹತ್ತನೆಯಲ್ಲಿದ್ದಳು. ೧೯೯೭ರ ಮಳೆಗಾಲ. ಬಾವಿಕಟ್ಟೆಯ ಹತ್ತಿರ ಪಾಚಿಯಲ್ಲಿ ಜಾರಿ ಅತ್ತೆಯ ಬಲಗೈ ಮಣಿಕಟ್ಟು ಮುರಿಯಿತು. ನಿಮ್ಮ ಅಜ್ಜಯ್ಯ ತಾಯಿಯನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರು ಹಾಕಿಸಿದರು. ಆರು ವಾರ ಕೈಗೆ ನೀರು ತಾಗಬಾರದು. ಊರನ್ನೆಲ್ಲ ಮೀಯಿಸಿದವರನ್ನು ಈಗ ನಾನು ಮೀಯಿಸಬೇಕಾಯಿತು.

ಮೊದಲ ಎರಡು ದಿನ ಅವರು ಸೀರೆ ಬಿಚ್ಚಲಿಲ್ಲ, ಬೆನ್ನಿಗೆ ಮಾತ್ರ ನೀರು ಹೊಯ್ಯಲು ಹೇಳಿದರು. ಮೂರನೆಯ ದಿನ ಬಚ್ಚಲಿನ ಬಾಗಿಲಿಗೆ ಅಗಳಿ ಹಾಕಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ಎಡಗೈಯಿಂದ ಸೆರಗು ಸರಿಸಿದರು. ಬಲಮೊಲೆಯ ಹೊರಬದಿಯಲ್ಲಿ ಒಂದು ಗಂಟು. ಚರ್ಮ ಅಲ್ಲಿ ಒಳಕ್ಕೆ ಎಳೆದ ಹಾಗಿತ್ತು. ನನ್ನ ಕೈ ಹಿಡಿದು ಅದರ ಮೇಲಿಟ್ಟರು. ಹಲಸಿನ ಬೀಜದಷ್ಟಿತ್ತು, ಗಟ್ಟಿ, ಒತ್ತಿದರೆ ಜರುಗುತ್ತಿರಲಿಲ್ಲ.

ನಾನು ಕೇಳುವ ಮೊದಲೇ ಅವರೇ ಹೇಳಿದರು.

"ಹೆದ್ರಬೇಡ ಹೆಣ್ಣೆ. ಅದ್ ಹಾಲ್. ಕಡಿ ಮಗಿಂದ್. ಅದ್ ಕುಡಿಲಿಲ್ಲೆ, ಹಾಂಗಾಯಿ ಒಳ್ಗೇ ಕಟ್ಕಂಡ್ ಕೂತಿತ್."

ನಿಮ್ಮ ಅಜ್ಜಯ್ಯನ ನಂತರ ಅತ್ತೆಗೆ ಒಂದು ಹೆಣ್ಣುಮಗು ಹುಟ್ಟಿ ಒಂಬತ್ತನೆಯ ದಿನ ತೀರಿಕೊಂಡಿತ್ತು. ಅದು ಮನೆಯಲ್ಲಿ ಯಾರೂ ಎತ್ತದ ಮಾತು. ಮೂವತ್ತಾರು ವರ್ಷ ಕಳೆದಿತ್ತು. ಆ ಮಗುವಿನ ಪಾಲಿನ ಹಾಲು ಒಳಗೆ ಉಳಿದು, ಈಗ ಮೈಯ ಬಿಸಿ ಕಡಿಮೆಯಾಗಿ ಗಟ್ಟಿಯಾಗಿದೆ ಎಂದು ಅವರು ನಂಬಿದ್ದರು. ಒಂದು ವರ್ಷದಿಂದ ಯಾರಿಗೂ ಕಾಣದ ಹಾಗೆ ತಾವೇ ಹರಳೆಲೆ ಕಟ್ಟಿಕೊಳ್ಳುತ್ತಿದ್ದರಂತೆ. ಈಗ ಒಂದೇ ಕೈಯಲ್ಲಿ ಬಟ್ಟೆ ಬಿಗಿಯಲು ಆಗುತ್ತಿರಲಿಲ್ಲ. ಅದಕ್ಕೆ ನಾನು ಬೇಕಾದೆ.

ನಾನು ನಂಬಿದೆ. ಹಾಲಿನ ಗಂಟಿನ ವಿಷಯ ಅವರಿಗಿಂತ ಹೆಚ್ಚು ತಿಳಿದವರು ನಮ್ಮ ಊರಿನಲ್ಲಿ ಇರಲಿಲ್ಲ. ಮಗನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಕೈಗೆ ಕಟ್ಟಲಿಕ್ಕೆಂದು ಸುಳ್ಳು ಹೇಳಿ ನಿಮ್ಮ ಅಜ್ಜಯ್ಯನಿಂದಲೇ ಎಲೆ ತರಿಸುತ್ತಿದ್ದೆವು. ಪ್ಲಾಸ್ಟರಿನ ಮೇಲೆ ಎಲೆ ಕಟ್ಟಿದರೆ ಎಂತ ಪ್ರಯೋಜನ ಎಂದು ಅವರು ಒಮ್ಮೆ ತಾಯಿಯನ್ನು ಕೇಳಿದ್ದುಂಟು. ಡಾಕ್ಟರ ಮದ್ದು ಹೊರಗಿಂದ, ನನ್ನ ಮದ್ದು ಅದರ ಹೊರಗಿಂದ ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ಅಜ್ಜಯ್ಯ ನಗುತ್ತ ಬೇಲಿಯ ಕಡೆ ಹೋದರು. ದಿನಾ ಸಂಜೆ ನಾಲ್ಕು ಎಲೆ, ತೊಟ್ಟು ಮುರಿಯದೆ, ಮಳೆಯ ನೀರು ಒರೆಸಿ ತಂದು ಒಲೆಯ ಪಕ್ಕ ಇಡುತ್ತಿದ್ದರು.

ಆ ದಿನಗಳಲ್ಲಿ ನಿಮ್ಮ ಅಮ್ಮ ಅಡಿಗೆಮನೆಯಲ್ಲೇ ಕೂತು ಓದುತ್ತಿದ್ದಳು. ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುವುದು, ತನ್ನ ಮೈಮೇಲೇ ಬೆರಳಿಟ್ಟು ಗುರುತು ಮಾಡಿಕೊಳ್ಳುವುದು. ಇಲ್ಲಿ ಜಠರ, ಇಲ್ಲಿ ಬಲಗಡೆ ಯಕೃತ್ತು, ಹಿಂದೆ ಎರಡು ಮೂತ್ರಪಿಂಡ. ನಾನು ಹುಳಿಗೆ ಅರೆಯುತ್ತ ಕೇಳುತ್ತಿದ್ದೆ. ಹೊಟ್ಟೆ ಎಂದರೆ ಒಂದು ಚೀಲ ಎಂದು ತಿಳಿದಿದ್ದವಳಿಗೆ ಅದರೊಳಗೆ ಇಷ್ಟು ಮನೆಗಳು, ಇಷ್ಟು ಹೆಸರುಗಳು. ಅವಳು ಗ್ರಂಥಿಗಳ ಪಾಠಕ್ಕೆ ಬಂದಳು. ಕಣ್ಣೀರು ಮಾಡುವ ಗ್ರಂಥಿ, ಬೆವರು ಮಾಡುವುದು, ಎಂಜಲು ಮಾಡುವುದು. ರಕ್ತ ಸುಮ್ಮನೆ ಒಳಗೆ ಬರುತ್ತದೆ, ಗ್ರಂಥಿ ಅದರಿಂದ ಬೇಕಾದ್ದನ್ನು ತೆಗೆದು ತನ್ನ ರಸ ತಯಾರಿಸುತ್ತದೆ ಎಂದು ಓದಿದಳು.

ನನಗೆ ಕೇಳಬೇಕೆನಿಸಿತು. ಅತ್ತೆಯ ವಿಷಯವೆಂದು ಕೇಳುವುದು ಹೇಗೆ? ದನದ ಹೆಸರಿನಲ್ಲಿ ಕೇಳಿದೆ. ಕರು ಸತ್ತ ದನವನ್ನು ಕರೆಯದೆ ಬಿಟ್ಟರೆ ಹಾಲು ವರ್ಷಗಟ್ಟಲೆ ಒಳಗೇ ಗಂಟು ಕಟ್ಟಿ ಉಳಿಯುತ್ತದಾ ಎಂದೆ.

"ನಿಂಗೆ ಎಂತಕ್ಕಮ್ಮ? ನೀನೂ ಪರೀಕ್ಷೆಗ್ ಕೂಕಂತ್ಯಾ?" ಎಂದು ನಕ್ಕಳು.

ನಗಾಡಿದರೂ ಅವಳು ಪ್ರಶ್ನೆಯನ್ನು ಬಿಡಲಿಲ್ಲ. ಪುಸ್ತಕದಲ್ಲಿ ಸಿಗದೆ ಮರುದಿನ ಶಾಲೆಗೆ ಹೋಗಿ ವಿಜ್ಞಾನದ ಟೀಚರನ್ನು ಕೇಳಿ ಬಂದಳು. ಚೀಲ ಕೆಳಗಿಡುವ ಮೊದಲೇ ಹೇಳಿದಳು. ಹಾಲು ಒಳಗೆ ಕೂತುಕೊಳ್ಳುವುದಿಲ್ಲ. ಕುಡಿಯುವವರು ಇಲ್ಲದಿದ್ದರೆ ಗ್ರಂಥಿ ಹಾಲು ಮಾಡುವುದನ್ನೇ ನಿಲ್ಲಿಸುತ್ತದೆ, ಇದ್ದದ್ದನ್ನು ಮೈ ಹಿಂದಕ್ಕೆ ಹೀರಿಕೊಳ್ಳುತ್ತದೆ. ಕೆಲವು ವಾರದ ಮಾತು. ದನಕ್ಕಾದರೂ ಮನುಷ್ಯರಿಗಾದರೂ ಹಾಗೇ. ವರ್ಷ ಕಳೆದ ಮೇಲೆ ಗಂಟು ಇದ್ದರೆ ಅದು ಹಾಲಲ್ಲ, ಬೇರೆ ಏನೋ, ಅದನ್ನು ತೋರಿಸಲೇಬೇಕು ಎಂದು ಟೀಚರು ಹೇಳಿದ್ದಾರೆ. ಇಷ್ಟು ಹೇಳಿ ನಿಮ್ಮ ಅಮ್ಮ, ಯಾರ ಮನೆಯ ದನ ಎಂದು ಕೇಳಿದಳು. ನನ್ನ ತವರಿನ ಕಡೆಯದು ಎಂದೆ.

ಪುಟ್ಟಿ, ಚಿನ್ನು, ಇದೇ ನಾನು ಹೇಳದೆ ಉಳಿಸಿಕೊಂಡದ್ದು. ಬೇಕಾದ ತಿಳುವಳಿಕೆ ಆ ಸಂಜೆ ನಮ್ಮ ಅಡಿಗೆಮನೆಗೆ ಬಂದಿತ್ತು. ತಂದವಳು ನಿಮ್ಮ ಅಮ್ಮ, ಹದಿನೈದು ವರ್ಷದ ಹುಡುಗಿ. ತಾನು ಏನು ತಂದೆ ಎಂದು ಅವಳಿಗೆ ಇವತ್ತಿಗೂ ತಿಳಿಯದು.

ಹೇಳಬೇಕೆಂದು ಮೂರು ದಿನ ಬಚ್ಚಲಿಗೆ ಹೋದೆ. ಮೂರನೆಯ ದಿನ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಾವಾಗಿ ಆ ಮಗುವಿನ ಮಾತು ತೆಗೆದರು. ಕಿವಿಯ ಮೇಲೆ ಮೃದುವಾದ ಕೂದಲಿತ್ತಂತೆ. ಬಾಯಿಗಿಟ್ಟರೆ ಎಳೆಯುವ ಶಕ್ತಿ ಇರಲಿಲ್ಲ, ತುಟಿ ಮಾತ್ರ ಅಲುಗಿಸುತ್ತಿತ್ತು. ಮಗುವನ್ನು ಒಯ್ದ ಮೇಲೂ ಹಾಲು ಇಳಿದು ರವಿಕೆ ಒದ್ದೆಯಾಗುತ್ತಿತ್ತು. ಮನೆಯವರು ಮಲ್ಲಿಗೆ ಹೂವು ಕಟ್ಟಿ ಹಾಲು ಆರಿಸಿದರು. ಪೂರ್ತಿ ಆರಲಿಲ್ಲ, ಒಂದಿಷ್ಟು ಉಳಿಯಿತು ಎಂದು ಹೇಳುವಾಗ ಅತ್ತೆಯ ಮುಖದಲ್ಲಿ ನೋವೇನೂ ಕಾಣಲಿಲ್ಲ. ಏನೋ ಜೋಪಾನವಾಗಿ ಇಟ್ಟದ್ದನ್ನು ತೋರಿಸುವವರ ಹಾಗಿದ್ದರು. ಅದು ಹಾಲಲ್ಲ ಎಂದು ಹೇಳಿದರೆ ಆ ಮಗುವನ್ನು ನಾನೇ ಅವರಿಂದ ಕಿತ್ತುಕೊಂಡಂತೆ ಆಗುತ್ತಿತ್ತು.

ಹೀಗೆಂದು ನಾನು ಎಷ್ಟೋ ವರ್ಷ ನನಗೇ ಸಮಾಧಾನ ಹೇಳಿಕೊಂಡಿದ್ದೇನೆ. ಅರ್ಧ ನಿಜ. ಇನ್ನರ್ಧ, ನನಗೆ ನಾಚಿಕೆ. ಅವರಿಗೆ ಹೇಳಿದರೆ ಗಂಡನಿಗೆ ಹೇಳಬೇಕು, ಗಂಡನಿಗೆ ಹೇಳಿದರೆ ಡಾಕ್ಟರಿಗೆ ಹೇಳಬೇಕು, ಎಲ್ಲರ ಎದುರು ಆ ಜಾಗದ ಹೆಸರು ನನ್ನ ಬಾಯಿಂದ ಬರಬೇಕು. ಅದನ್ನು ನೆನೆದರೇ ಕಿವಿ ಬಿಸಿಯಾಗುತ್ತಿತ್ತು. ಎಲೆ ಬಾಡಿಸಿ ಕಟ್ಟಿದೆ.

ಪ್ಲಾಸ್ಟರು ಬಿಚ್ಚಿಸಲು ಅತ್ತೆಯ ಜೊತೆ ಕುಂದಾಪುರಕ್ಕೆ ನಾನೇ ಹೋದೆ. ಅಜ್ಜಯ್ಯನಿಗೆ ಆ ದಿನ ಸೇವಂತಿಗೆ ಸಸಿ ನೆಡುವ ಕೆಲಸವಿತ್ತು. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಮಣಿಕಟ್ಟು ತಿರುಗಿಸಿ ನೋಡಿ ಮೂಳೆ ಚೆನ್ನಾಗಿ ಕೂಡಿದೆ ಎಂದರು. ಆದರೆ ಅತ್ತೆ ಆ ಕೈಯನ್ನು ಹೆಗಲಿಗಿಂತ ಮೇಲೆ ಎತ್ತದ್ದು ಅವರ ಕಣ್ಣಿಗೆ ಬಿತ್ತು. ಮುರಿದದ್ದು ಮಣಿಕಟ್ಟಲ್ಲವಾ, ಹೆಗಲಿಗೆ ಏನಾಗಿದೆ ಎಂದು ಕೇಳಿದರು. ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಡಾಕ್ಟರು ನನ್ನ ಕಡೆ ತಿರುಗಿದರು.

"ಬೇರೆ ಎಂತಾದರೂ ತೊಂದರೆ ಉಂಟಾ ಇವರಿಗೆ? ನೀವು ಹೇಳಿ."

ಅವರ ಮೇಜಿನ ಹಿಂದೆ ಗೋಡೆಯಲ್ಲಿ ಮನುಷ್ಯನ ಚಿತ್ರವಿತ್ತು, ಚರ್ಮ ಸುಲಿದು ಒಳಗಿನ ಸ್ನಾಯು, ನರ ಎಲ್ಲ ಕಾಣುವಂಥದ್ದು. ಮಾತು ಕೂಡ ಬೇಕಿರಲಿಲ್ಲ. ಎದ್ದು ಹೋಗಿ ಬೆರಳಿಟ್ಟು ತೋರಿಸಿದ್ದರೆ ಸಾಕಿತ್ತು. ಅತ್ತೆ ನನ್ನನ್ನು ನೋಡುತ್ತಿದ್ದರು.

ಇಲ್ಲ ಎಂದೆ.

ಹೊರಗೆ ಬಂದು ರಸ್ತೆ ದಾಟುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ಅವರು ಹಾಗೆ ಹಿಡಿದದ್ದು ಅದೇ ಮೊದಲು. ಬಸ್ಸಿನಲ್ಲಿ ಹೆಮ್ಮಾಡಿಯವರೆಗೂ ಬಿಡಲಿಲ್ಲ. ನನಗೆ ಆಗ ಸಂತೋಷವಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಮಕರ ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಡೆ ಸೇವಂತಿಗೆ ಕೊಯ್ಯುವ ಗಡಿಬಿಡಿ. ಹೆಂಗಸರೆಲ್ಲ ಬೆಳಿಗ್ಗೆ ಗದ್ದೆಯಲ್ಲಿರುತ್ತೇವೆ. ಆ ವರ್ಷ ಅತ್ತೆ ಸಾಲಿನ ನಡುವೆ ಕೂತವರು ಏಳಲಾರದೆ ಮಗನನ್ನು ಕರೆದರು. ಅಜ್ಜಯ್ಯ ಕಂಕುಳಿಗೆ ಕೈ ಕೊಟ್ಟು ಎತ್ತಿದಾಗ ಅಲ್ಲಿಯೂ ಒಂದು ಗಂಟು ಕೈಗೆ ಸಿಕ್ಕಿತು. ಅತ್ತೆ ನೋವಿಗೆ ಕೂಗಿದರು. ಮರುದಿನವೇ ಉಡುಪಿಯ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿ ಡಾಕ್ಟರಮ್ಮ ಇದ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಮ್ಮಿಬ್ಬರನ್ನು ಕೂರಿಸಿ ಕಾಗದದ ಮೇಲೆ ಗೆರೆ ಹಾಕಿ ವಿವರಿಸಿದರು. ಇದು ಹಾಲಿನ ಗ್ರಂಥಿ, ಇದು ಕಂಕುಳಿನ ದುಗ್ಧಗ್ರಂಥಿ, ರೋಗ ಇಲ್ಲಿಂದ ಇಲ್ಲಿಗೆ ಬಂದಿದೆ, ಇಲ್ಲಿಂದ ಶ್ವಾಸಕೋಶಕ್ಕೂ ಹೋಗಿದೆ. ಎಲ್ಲ ನಾನು ಒಲೆಯ ಮುಂದೆ ಕೇಳಿದ್ದ ಹೆಸರುಗಳೇ. ಗಂಟು ಎಷ್ಟು ಸಮಯದಿಂದ ಇತ್ತು ಎಂದು ಕೇಳಿದರು. ಅಜ್ಜಯ್ಯ ತಮಗೆ ಗೊತ್ತಿಲ್ಲ ಎಂದರು. ಆರು ತಿಂಗಳ ಮೊದಲು, ಮಳೆಗಾಲದಲ್ಲೇ ಬಂದಿದ್ದರೆ ನಾವು ಬೇರೆ ಮಾತು ಆಡುತ್ತಿದ್ದೆವು ಎಂದು ಡಾಕ್ಟರಮ್ಮ ಕಾಗದವನ್ನು ಮಡಚಿದರು.

ಹೊರಗೆ ಅಜ್ಜಯ್ಯ ಬೆಂಚಿನ ಮೇಲೆ ಕೂತರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

"ನಾನ್ ತಂದ್ ಕೊಟ್ಟ ಎಲಿ ಎಲ್ಲಿಗ್ ಕಟ್ಟಿದ್ದ್?"

"ಮೊಲಿಗೆ" ಎಂದೆ. ಅವರ ಎದುರು ಆ ಮಾತು ನನ್ನ ಬಾಯಿಂದ ಬಂದದ್ದು ಅಂದೇ. ಅಷ್ಟು ಸುಲಭವಿತ್ತು.

ಅವರು ಬಯ್ಯಲಿಲ್ಲ. ಅತ್ತೆ ಹಾಲಿನ ಗಂಟು ಎಂದು ಹೇಳಿದ್ದರು, ನಾನು ನಂಬಿದೆ ಎಂದೆ. ಟೀಚರು ಹೇಳಿ ಕಳಿಸಿದ್ದನ್ನು ಹೇಳಲಿಲ್ಲ. ಎಲೆಯ ವಿಷಯ ಮಗಳಿಗೆ ಗೊತ್ತಾಗುವುದು ಬೇಡ, ಅಜ್ಜಿ ಬಚ್ಚಿಟ್ಟಳು ಎಂದರೆ ಸಾಕು ಎಂದು ಅವರೇ ತೀರ್ಮಾನಿಸಿದರು. ನಿಮ್ಮ ಅಮ್ಮ ಹೇಳುವ ಕತೆ ಹುಟ್ಟಿದ್ದು ಆ ಬೆಂಚಿನಲ್ಲಿ. ಅಜ್ಜಯ್ಯ ಆಮೇಲೆ ಹದಿಮೂರು ವರ್ಷ ಬದುಕಿದರು. ದನದ ಪ್ರಶ್ನೆಯ ಸಂಗತಿ ಅವರಿಗೂ ತಿಳಿಯದೇ ಹೋಯಿತು.

ಅತ್ತೆ ಮುಂದಿನ ಮಳೆಗಾಲದ ಆರಂಭದವರೆಗೆ ಇದ್ದರು. ಡಾಕ್ಟರಮ್ಮ ಅವರಿಗೂ ನೇರವಾಗಿ ಹೇಳಿದ್ದರು. ಮನೆಗೆ ಬಂದು ಕೆಲವು ದಿನವಾದ ಮೇಲೆ ಒಂದು ಮಧ್ಯಾಹ್ನ ನಾನು ಗಂಜಿಯ ತಿಳಿ ಕುಡಿಸುತ್ತಿದ್ದಾಗ ಚಮಚ ತಡೆದರು.

"ಅದ್ ಹಾಲಲ್ಲ ಅಂಬ್ರ್ ಡಾಕ್ಟ್ರಮ್ಮ. ಹೌದಾ?"

ಹೌದೆಂದೆ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲೆ ಅತ್ತೆ."

ಅವರು ನನ್ನ ಮುಖವನ್ನು ನೋಡುತ್ತಲೇ ಇದ್ದರು. ಊರಿನ ಎಷ್ಟೋ ಹೆಂಗಸರು ಬಾಯಿ ಬಿಟ್ಟು ಹೇಳದ ನೋವನ್ನೂ ಕೈಯಲ್ಲಿ ಹಿಡಿದವರು. ನನ್ನ ಸುಳ್ಳು ಅವರಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಚಮಚಕ್ಕೆ ಬಾಯಿ ತೆರೆದರು. ಆ ಮಗುವಿನ ಮಾತನ್ನು ಮತ್ತೆ ಆಡಲಿಲ್ಲ. ಡಾಕ್ಟರ ಎದುರು ಹೇಳಿದ 'ಇಲ್ಲ'ಕ್ಕೆ ನಾಚಿಕೆಯನ್ನು ಕಾರಣ ಕೊಡಬಹುದು. ಈ 'ಇಲ್ಲೆ'ಗೆ ಕೊಡಲು ನನ್ನಲ್ಲಿ ಯಾವ ಕಾರಣವೂ ಇಲ್ಲ. ಕೇಳಿದ್ದಕ್ಕೆ ಉತ್ತರ ಪಡೆಯುವ ಹಕ್ಕು ಅವರಿಗಿತ್ತು. ಬಯ್ಯುವ ಹಕ್ಕೂ ಇತ್ತು. ಎರಡನ್ನೂ ನಾನು ಕೊಡಲಿಲ್ಲ.

ಅವರು ಹೋದ ಮೇಲೆ ಬಾಳಂತಿಯರನ್ನು ಮೀಯಿಸಲು ಊರವರು ನನ್ನನ್ನು ಕರೆದರು. ಅತ್ತೆಯ ಕೈ ನೋಡಿ ಕಲಿತವಳಲ್ಲವಾ ಎಂದರು. ನಾನು ಹೋಗಲಿಲ್ಲ. ಪುಟ್ಟಿ, ನೀನು ಹುಟ್ಟಿದಾಗ ನಿಮ್ಮ ಅಮ್ಮನನ್ನು ಮಾತ್ರ ಮೀಯಿಸಿದೆ. ಹೆಗಲಿಗೆ ಬಾಯಿ ಮುಚ್ಚಲಿಲ್ಲ. ಎಲ್ಲ ಜಾಗದ ಹೆಸರನ್ನೂ ಗಟ್ಟಿಯಾಗಿ ಹೇಳಿದೆ, ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದು ತೋರಿಸಿದೆ, ಏನಾದರೂ ಸಿಕ್ಕರೆ ಅದೇ ದಿನ ಹೇಳು ಎಂದೆ. ಅಮ್ಮನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಅವಳಿಗೆ ಆಶ್ಚರ್ಯ. ನಲವತ್ತು ದಿನ ಬೆಳಿಗ್ಗೆ ಅವಳ ಬೆನ್ನು ನನ್ನ ಕೈಯ ಕೆಳಗಿತ್ತು. ನೀನು ತಂದ ಉತ್ತರವನ್ನು ನಾನು ತಲುಪಿಸಲಿಲ್ಲ ಮಗಾ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇಕಿತ್ತೇ? ದಿನಾ ಬಿಸಿನೀರು ಹೊಯ್ದೆ. ನಲವತ್ತನೆಯ ದಿನವೂ ಕಳೆಯಿತು.

ಈಗ ನೀವಿಬ್ಬರೂ ಓದಬಲ್ಲಿರಿ, ಅರ್ಥ ಮಾಡಿಕೊಳ್ಳಬಲ್ಲಿರಿ. ನಿಮ್ಮ ಮೈಯ ಯಾವ ಭಾಗವನ್ನೂ ಬಾಯಿ ಬಿಟ್ಟು ಹೆಸರಿಸಲು ನಾಚಬೇಡಿ. ಚಿನ್ನು, ಇದು ನಿನಗೂ ಸೇರಿದ ಮಾತು. ಹೆಂಗಸರ ವಿಷಯ ಎಂದು ಎದ್ದು ಹೋಗಬೇಡ.

ಈ ಹಾಳೆಗಳನ್ನು ನಿಮ್ಮ ಅಮ್ಮನ ಕೈಗೆ ನಾನೇ ಕೊಡಬೇಕು. ಈ ಸಲ ಬಂದಾಗ ಕೊಡುತ್ತೇನೆ ಎಂದುಕೊಂಡಿದ್ದೇನೆ. ನನ್ನನ್ನು ನನಗೆ ಚೆನ್ನಾಗಿ ಗೊತ್ತು, ಚೀಲದಲ್ಲೇ ಇಟ್ಟು ಮರಳಿ ಹೆಮ್ಮಾಡಿಗೆ ತಂದರೂ ತಂದೇನು. ಹಾಗಾಗಿ ನಕಲು ಮಾಡಿ ಒಂದು ಪ್ರತಿ ನಿಮಗೆ ಕೊಡುತ್ತಿದ್ದೇನೆ. ನಾನು ಹೇಳದೆ ಹೋದರೆ ನೀವು ಅವಳಿಗೆ ಓದಿ ಹೇಳಿ. ಆಗ ತಂದ ಉತ್ತರ ಸರಿಯಾಗಿತ್ತು, ತಪ್ಪಿದವಳು ನಾನು ಎಂದು ಅವಳಿಗೆ ತಿಳಿಯಬೇಕು. ಅಲ್ಲಿಯವರೆಗೆ ಇವನ್ನು ಮಳೆಗಾಲದ ತೇವ ತಾಗದ ಕಡೆ, ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿ.